ಹಿಮ ಕರಗಿ ಏರುವ ಹೊಳೆಯಲ್ಲಿ ದೋಣಿಯಾನ: ಟೊರೊಂಟೊದ ಡಾನ್ ನದಿಯ ಆನಂದ ಮತ್ತು ಅಪಾಯ

ನಮ್ಮ ಕರಾವಳಿಯ ಅನೇಕ ಕುಟುಂಬಗಳ ಮಕ್ಕಳು ಇಂದು ಕೆನಡಾದ ಟೊರೊಂಟೊ ಮತ್ತು ಮಿಸಿಸಾಗಾ ನಗರಗಳಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ದೀರ್ಘ ಚಳಿಗಾಲ ಮುಗಿದು ಈಸ್ಟರ್ ಹಬ್ಬದ ಆಸುಪಾಸಿನಲ್ಲಿ ಬಿಸಿಲು ಕಾಣಿಸಿಕೊಂಡಾಗ ಅಲ್ಲಿಯ ಜನರು ಹೊರಾಂಗಣಕ್ಕೆ ಧಾವಿಸುತ್ತಾರೆ. ಆಗ ಅವರನ್ನು ಸೆಳೆಯುವ ಸಂಗತಿಗಳಲ್ಲಿ ನಗರದ ನಡುವಿನ ಹೊಳೆಯಲ್ಲಿ ಕೆನೂ ನಡೆಸುವುದೂ ಒಂದು. ಕೆನೂ ಎಂದರೆ ಎರಡೂ ತುದಿ ಚೂಪಾಗಿರುವ, ಮೇಲ್ಭಾಗ ತೆರೆದಿರುವ ಹಗುರವಾದ ಉದ್ದ ದೋಣಿ. ಇಬ್ಬರು ಹುಟ್ಟು ಹಾಕಿಕೊಂಡು ಅದನ್ನು ನಡೆಸುತ್ತಾರೆ. ನದಿ, ಸಮುದ್ರ ನೋಡಿ ಬೆಳೆದ ನಮ್ಮವರಿಗೆ ಇದು ಪರಿಚಿತ ಆಟದಂತೆ ತೋರುವುದು ಸಹಜ. ಆದರೆ ಅಲ್ಲಿಯ ವಸಂತಕಾಲದ ನೀರಿನ ಸ್ವಭಾವ ನಮ್ಮ ಹೊಳೆಗಳದ್ದಕ್ಕಿಂತ ಬೇರೆ. ಅದನ್ನು ಅರಿಯದೆ ದೋಣಿ ಹತ್ತಬಾರದು.

ಡಾನ್ ನದಿಯ ಪರಿಚಯ

ಟೊರೊಂಟೊದ ಉತ್ತರದಲ್ಲಿರುವ ಓಕ್ ರಿಡ್ಜಸ್ ಎಂಬ ದಿಬ್ಬಸಾಲಿನಲ್ಲಿ ಹುಟ್ಟುವ ಡಾನ್ ನದಿ ನಗರವನ್ನು ಸೀಳಿಕೊಂಡು ಬಂದು ಒಂಟಾರಿಯೊ ಸರೋವರವನ್ನು ಸೇರುತ್ತದೆ. ಇದರ ಉದ್ದ ಸುಮಾರು 38 ಕಿಲೋಮೀಟರ್, ಜಲಾನಯನ ಪ್ರದೇಶ ಸುಮಾರು 360 ಚದರ ಕಿಲೋಮೀಟರ್. ಅದರ ಬಹುಪಾಲು ಈಗ ಮನೆ, ರಸ್ತೆ, ಕಾರ್ಖಾನೆಗಳಿಂದ ತುಂಬಿದೆ. ನೇತ್ರಾವತಿಯನ್ನು ನೋಡಿದವರ ಕಣ್ಣಿಗೆ ಇದು ಒಂದು ಸಣ್ಣ ಹೊಳೆ. ಬೇಸಿಗೆಯಲ್ಲಿ ಕೆಲವೆಡೆ ದೋಣಿಯ ತಳ ಕಲ್ಲಿಗೆ ಉಜ್ಜುವಷ್ಟು ನೀರು ಇಳಿದಿರುತ್ತದೆ.

ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಚಿತ್ರ ಬದಲಾಗುತ್ತದೆ. ತಿಂಗಳುಗಟ್ಟಲೆ ಬಿದ್ದ ಹಿಮ ಕರಗತೊಡಗುತ್ತದೆ. ನೆಲ ಇನ್ನೂ ಹೆಪ್ಪುಗಟ್ಟಿರುವುದರಿಂದ ನೀರನ್ನು ಹೀರುವುದಿಲ್ಲ. ಅದರ ಮೇಲೆ ವಸಂತದ ಮಳೆಯೂ ಸುರಿದರೆ ಹೊಳೆ ಏರುತ್ತದೆ. ಹಳ್ಳಿಯ ಹೊಳೆಯಾದರೆ ಗದ್ದೆ, ತೋಟ, ಕಾಡು ಸ್ವಲ್ಪ ನೀರನ್ನು ತಡೆದು ನಿಧಾನವಾಗಿ ಬಿಡುತ್ತವೆ. ನಗರದಲ್ಲಿ ಡಾಮರು ಮತ್ತು ಕಾಂಕ್ರೀಟಿನ ಮೇಲೆ ಬಿದ್ದ ನೀರು ಚರಂಡಿಯ ಮೂಲಕ ನೇರವಾಗಿ ಹೊಳೆಗೆ ಬಂದು ಬೀಳುತ್ತದೆ. ಹೀಗಾಗಿ ನಗರದ ಹೊಳೆ ಕೆಲವೇ ಗಂಟೆಗಳಲ್ಲಿ ಉಕ್ಕಿ, ಅಷ್ಟೇ ಬೇಗ ಇಳಿಯುತ್ತದೆ.

ಇದರ ವೇಗ ಎಷ್ಟೆಂಬುದಕ್ಕೆ 2013ರ ಜುಲೈ 8ರ ಘಟನೆ ಸಾಕ್ಷಿ. ಅಂದು ಸಂಜೆಯ ಭಾರೀ ಮಳೆಗೆ ಡಾನ್ ಉಕ್ಕಿ ಸುಮಾರು 1,400 ಪ್ರಯಾಣಿಕರಿದ್ದ ರೈಲು ಕಣಿವೆಯಲ್ಲಿ ನೀರಿನ ನಡುವೆ ಸಿಲುಕಿತು. ದೋಣಿಗಳಲ್ಲಿ ಜನರನ್ನು ದಡ ಸೇರಿಸಬೇಕಾಯಿತು. 2024ರ ಜುಲೈ 16ರಂದು ಕಣಿವೆಯ ಹೆದ್ದಾರಿ ಮತ್ತೊಮ್ಮೆ ಮುಳುಗಿತು. ಇವೆರಡೂ ಬೇಸಿಗೆಯ ಮಳೆಯ ಘಟನೆಗಳು. ಹಿಮ ಕರಗುವ ಕಾಲದಲ್ಲಿಯೂ ಹೊಳೆ ಹೀಗೆಯೇ ಬೇಗ ಏರುತ್ತದೆ, ಜೊತೆಗೆ ಆಗ ನೀರು ಕೊರೆಯುವಷ್ಟು ತಣ್ಣಗಿರುತ್ತದೆ.

ಏರಿದ ನೀರಿಲ್ಲದೆ ದೋಣಿ ಸಾಗದು

ಟೊರೊಂಟೊದ ಜಲಾನಯನ ಸಂರಕ್ಷಣಾ ಪ್ರಾಧಿಕಾರವು 1994ರಿಂದ 'ಪ್ಯಾಡಲ್ ದ ಡಾನ್' ಎಂಬ ದೋಣಿಯಾನವನ್ನು ನಡೆಸಿಕೊಂಡು ಬಂದಿದೆ. ಸಾಮಾನ್ಯವಾಗಿ ಮೇ ತಿಂಗಳ ಆರಂಭದ ಒಂದು ಭಾನುವಾರ ಅರ್ನೆಸ್ಟ್ ಥಾಂಪ್ಸನ್ ಸೀಟನ್ ಉದ್ಯಾನದಿಂದ ಹೊರಟು ನದಿಯ ಮುಖದವರೆಗೆ ಸುಮಾರು 10 ಕಿಲೋಮೀಟರ್ ಸಾಗುವ ಕಾರ್ಯಕ್ರಮವಿದು. ದೋಣಿ ಸಾಗಲು ನೀರು ಸಾಲದೆ ಹೋಗಬಾರದೆಂದು ಮೇಲ್ಭಾಗದ ಜಿ. ರಾಸ್ ಲಾರ್ಡ್ ಅಣೆಕಟ್ಟಿನಿಂದ ನೀರು ಬಿಡಲಾಗುತ್ತದೆ. ದಾರಿಯಲ್ಲಿ ಕಾಡುಮರಗಳು, ಹಳೆಯ ಇಟ್ಟಿಗೆ ಕಾರ್ಖಾನೆಯ ಪ್ರದೇಶ ಮತ್ತು 1918ರಲ್ಲಿ ಪೂರ್ಣಗೊಂಡ ಎತ್ತರದ ಪ್ರಿನ್ಸ್ ಎಡ್ವರ್ಡ್ ಸೇತುವೆ ಸಿಗುತ್ತವೆ. ಪಕ್ಕದಲ್ಲೇ ಹೆದ್ದಾರಿಯಲ್ಲಿ ವಾಹನಗಳು ಓಡುತ್ತಿದ್ದರೂ ಕೆಳಗೆ ನೀರಿನ ಮೇಲೆ ಬೇರೆಯೇ ಲೋಕವಿರುತ್ತದೆ.

ಅಂದರೆ ನೀರು ಏರಿದಾಗ ಮಾತ್ರ ಈ ಹೊಳೆ ದೋಣಿಗೆ ದಾರಿ ಕೊಡುತ್ತದೆ. ಅಪಾಯ ತರುವುದೂ ಆ ಏರಿದ ನೀರೇ. ಹರಿವಿನ ವೇಗ ಎರಡು ಪಟ್ಟಾದರೆ ಅದು ದೋಣಿಯನ್ನೋ ಮನುಷ್ಯನನ್ನೋ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ "ನೀರು ಸಾಕಷ್ಟಿದೆಯೇ?" ಎಂದು ಕೇಳಿದ ಮೇಲೆ "ನೀರು ಹೆಚ್ಚಾಗಿದೆಯೇ?" ಎಂದೂ ಕೇಳಬೇಕು.

ತಣ್ಣೀರಿನ ಹೊಡೆತ

ನಮ್ಮ ಊರಿನವರು ಮೋಸಹೋಗುವುದು ಇಲ್ಲಿಯೇ. ಅರಬ್ಬಿ ಸಮುದ್ರದ ನೀರು ನಮ್ಮ ತೀರದಲ್ಲಿ ಸಾಮಾನ್ಯವಾಗಿ 27ರಿಂದ 30 ಡಿಗ್ರಿ ಬೆಚ್ಚಗಿರುತ್ತದೆ. ಕೆನಡಾದಲ್ಲಿ ಹಿಮ ಕರಗಿದ ನೀರು 10 ಡಿಗ್ರಿಗಿಂತಲೂ ಕೆಳಗಿರಬಹುದು. ಹೊರಗೆ ಅಂಗಿ ಸಾಕೆನಿಸುವಷ್ಟು ಬಿಸಿಲಿದ್ದರೂ ನೀರು ಬಿಸಿಯಾಗಲು ವಾರಗಳೇ ಬೇಕು.

ಮ್ಯಾನಿಟೋಬಾ ವಿಶ್ವವಿದ್ಯಾನಿಲಯದ ಪ್ರೊ. ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಈ ವಿಷಯದಲ್ಲಿ ದೀರ್ಘ ಅಧ್ಯಯನ ನಡೆಸಿದವರು. ಅವರು ಪ್ರಚುರಪಡಿಸಿದ "1–10–1" ಸೂತ್ರವನ್ನು ಯಾರಾದರೂ ನೆನಪಿಟ್ಟುಕೊಳ್ಳಬಹುದು. ಮಂಜಿನಷ್ಟು ತಣ್ಣನೆಯ ನೀರಿಗೆ ಬಿದ್ದ ಮೊದಲ 1 ನಿಮಿಷ ಉಸಿರು ಏದುಸಿರಾಗಿ ಹತೋಟಿ ತಪ್ಪುತ್ತದೆ. ತಲೆ ನೀರಿನೊಳಗಿದ್ದಾಗ ಹಾಗೆ ಉಸಿರೆಳೆದರೆ ಅಲ್ಲಿಗೆ ಮುಗಿಯಿತು. ಮುಂದಿನ ಸುಮಾರು 10 ನಿಮಿಷ ಮಾತ್ರ ಕೈಕಾಲುಗಳು ಮಾತು ಕೇಳುತ್ತವೆ. ಸುಮಾರು 1 ಗಂಟೆಯ ಬಳಿಕ ದೇಹದ ಶಾಖ ಇಳಿದು ಪ್ರಜ್ಞೆ ತಪ್ಪಬಹುದು. ಅಂದರೆ ಚೆನ್ನಾಗಿ ಈಜಬಲ್ಲವನೂ ಮೊದಲ ಕೆಲವು ನಿಮಿಷಗಳಲ್ಲೇ ಮುಳುಗಬಹುದು. ಲೈಫ್ ಜಾಕೆಟ್ ದೋಣಿಯಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು ಎನ್ನುವುದು ಇದಕ್ಕಾಗಿಯೇ. ಉಡುಪನ್ನು ಹವೆ ನೋಡಿ ಆರಿಸದೆ ನೀರಿನ ತಂಪು ನೋಡಿ ಆರಿಸಬೇಕು. ಒದ್ದೆಯಾದ ಹತ್ತಿಬಟ್ಟೆ ಮೈಯ ಶಾಖವನ್ನು ಉಳಿಸದು. ತಣ್ಣೀರಿಗೆಂದೇ ಮಾಡಿದ ಉಡುಪು ಬೇಕು.

ಒಡ್ಡು, ಮರ ಮತ್ತು ಸೇತುವೆ

ನಗರದ ಹೊಳೆಗಳಲ್ಲಿ ಅಡ್ಡಲಾಗಿ ಕಟ್ಟಿದ ತಗ್ಗು ಒಡ್ಡುಗಳಿರುತ್ತವೆ. ನಮ್ಮ ಕಿಂಡಿ ಅಣೆಕಟ್ಟಿನ ಮೇಲಿಂದ ನೀರು ಉಕ್ಕಿ ಹರಿಯುವುದನ್ನು ನೋಡಿದವರಿಗೆ ಇದು ಅರ್ಥವಾದೀತು. ದೋಣಿಯಲ್ಲಿ ಕುಳಿತವನಿಗೆ ಒಡ್ಡು ಕಾಣಿಸುವುದೇ ಇಲ್ಲ, ನೀರಿನ ಒಂದು ನೇರ ಗೆರೆ ಮಾತ್ರ ಕಾಣುತ್ತದೆ. ಕೆಳಗೆ ಬಿದ್ದ ನೀರು ಹಿಂದಕ್ಕೆ ತಿರುಗಿ ಮತ್ತೆ ಒಡ್ಡಿನ ಬುಡಕ್ಕೇ ಎಳೆಯುತ್ತದೆ. ಆ ಸುಳಿಗೆ ಸಿಕ್ಕಿದವನನ್ನು ಅದು ಮತ್ತೆ ಮತ್ತೆ ಒಳಗೆಳೆದುಕೊಳ್ಳುತ್ತದೆ. ಡಾನ್‌ನಲ್ಲಿಯೂ ಇಂತಹ ಒಡ್ಡುಗಳಿವೆ. ಅಲ್ಲೆಲ್ಲ ಮೊದಲೇ ದಡ ಹತ್ತಿ, ದೋಣಿಯನ್ನು ಹೊತ್ತು ನಡೆದು, ಕೆಳಗಡೆ ಮತ್ತೆ ಇಳಿಸಬೇಕು.

ಎರಡನೆಯ ಅಪಾಯ ನೀರಿಗೆ ಬಿದ್ದ ಮರಗಳದ್ದು. ಕೊಂಬೆಗಳ ಸಂದಿನಲ್ಲಿ ನೀರು ದಾಟಿ ಹೋಗುತ್ತದೆ, ಆದರೆ ದೋಣಿಯೂ ಮನುಷ್ಯನೂ ದಾಟಲಾರದೆ ಒತ್ತಿ ಹಿಡಿಯಲ್ಪಡುತ್ತಾರೆ. ಮೂರನೆಯದು ತಗ್ಗಾದ ಸೇತುವೆಗಳು. ನಿನ್ನೆ ತಲೆಯೆತ್ತಿ ದಾಟಿದ ಸೇತುವೆಯ ಕೆಳಗೆ ಇಂದು ಜಾಗವೇ ಇಲ್ಲದಿರಬಹುದು. ಇನ್ನು ಟೊರೊಂಟೊದ ಹಳೆಯ ಬಡಾವಣೆಗಳಲ್ಲಿ ಮಳೆನೀರು ಮತ್ತು ಶೌಚದ ನೀರು ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆಯಾದಾಗ ಅದು ಹೊಳೆಗೆ ಉಕ್ಕುವುದರಿಂದ ಆ ನೀರು ಬಾಯಿಗೆ, ಗಾಯಕ್ಕೆ ತಾಗದಂತೆ ನೋಡಿಕೊಳ್ಳಬೇಕು.

ದೋಣಿ ಮಗುಚಿದರೆ ಮೊದಲು ಉಸಿರು ಹತೋಟಿಗೆ ತಂದುಕೊಳ್ಳಬೇಕು. ಅಂಗಾತ ಮಲಗಿ, ಕಾಲುಗಳನ್ನು ಮೇಲಕ್ಕೆತ್ತಿ, ಹರಿವಿನ ದಿಕ್ಕಿಗೆ ಚಾಚಿ ತೇಲುತ್ತಾ ದಡದ ಕಡೆ ಸರಿಯಬೇಕು. ಸೆಳೆತವಿರುವ ಕಡೆ ಎದ್ದು ನಿಲ್ಲಲು ಹೋಗಬಾರದು. ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ಹೊಳೆ ಮನುಷ್ಯನನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ. ತಾನು ದೋಣಿಯ ಮೇಲ್ಮಗ್ಗುಲಿಗಿರಬೇಕು. ಕೆಳಗಡೆಯಿದ್ದರೆ ನೀರು ತುಂಬಿದ ದೋಣಿ ಮತ್ತು ಬಂಡೆಯ ನಡುವೆ ಸಿಕ್ಕಿಬೀಳುವ ಭಯವಿದೆ.

ಹೊರಡುವ ಮೊದಲು

1. ಸಂರಕ್ಷಣಾ ಪ್ರಾಧಿಕಾರದ ಪ್ರಕಟಣೆ ನೋಡಿರಿ. ಜಲ ಸುರಕ್ಷತೆ, ನೆರೆ ಮುನ್ನೋಟ, ನೆರೆ ನಿಗಾ, ನೆರೆ ಎಚ್ಚರಿಕೆ ಎಂಬ ಹಂತಗಳಲ್ಲಿ ಅದು ಪ್ರಕಟವಾಗುತ್ತದೆ. ಯಾವುದೇ ಹಂತ ಜಾರಿಯಲ್ಲಿದ್ದರೆ ಅಂದು ದೋಣಿ ಬೇಡ.
2. ಟಾಡ್‌ಮಾರ್ಡನ್ ಎಂಬಲ್ಲಿ ನದಿಯ ಮಟ್ಟ ಅಳೆಯುವ ಸರ್ಕಾರಿ ಕೇಂದ್ರವಿದೆ. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅದರಿಂದ ತಿಳಿಯಬಹುದು. ಏರುತ್ತಿರುವ ಹೊಳೆಗೆ ಇಳಿಯಬೇಡಿರಿ.
3. ಕೆನಡಾದ ನಿಯಮದಂತೆ ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್, ಕನಿಷ್ಠ 15 ಮೀಟರ್ ಉದ್ದದ ತೇಲುವ ಹಗ್ಗ, ನೀರು ಹೊರಚೆಲ್ಲುವ ಪಾತ್ರೆ ಮತ್ತು ಸೀಟಿ ಇರಬೇಕು.
4. ಒಬ್ಬರೇ ಹೋಗಬೇಡಿರಿ. ಎಲ್ಲಿ ಇಳಿಯುತ್ತೀರಿ, ಎಲ್ಲಿ ಹತ್ತುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯಲ್ಲಿ ತಿಳಿಸಿರಿ.
5. ಮೊದಲ ಬಾರಿಗಾದರೆ ಸಂಘಟಿತ ಕಾರ್ಯಕ್ರಮದಲ್ಲೇ ಭಾಗವಹಿಸಿರಿ. ಅಲ್ಲಿ ಒಡ್ಡುಗಳ ಬಳಿ ಕಾಯುವವರು, ರಕ್ಷಣೆಗೆ ನಿಂತವರು ಇರುತ್ತಾರೆ.

ಸತ್ತಿತೆಂದ ಹೊಳೆ

1969ರಲ್ಲಿ ಪೊಲ್ಯೂಷನ್ ಪ್ರೋಬ್ ಎಂಬ ಸಂಘಟನೆಯ ವಿದ್ಯಾರ್ಥಿಗಳು ಡಾನ್ ನದಿ ಸತ್ತಿತೆಂದು ಸಾರಿ ಅಣಕು ಶವಯಾತ್ರೆ ನಡೆಸಿದ್ದರು. ಅದಕ್ಕೂ ಮೊದಲು, 1954ರ ಅಕ್ಟೋಬರ್‌ನಲ್ಲಿ ಹೇಝಲ್ ಚಂಡಮಾರುತ ಒಂಟಾರಿಯೊದಲ್ಲಿ 81 ಜನರನ್ನು ಬಲಿ ತೆಗೆದುಕೊಂಡಿತ್ತು. ಆಗ ನದಿ ಕಣಿವೆಗಳಲ್ಲಿ ಮನೆ ಕಟ್ಟಬಾರದೆಂಬ ಪಾಠ ಕಲಿತ ನಗರ, ಆ ಭೂಮಿಯನ್ನು ಉದ್ಯಾನಗಳಾಗಿ ಉಳಿಸಿಕೊಂಡಿತು. ಇಂದು ದೋಣಿಯಿಂದ ಕಾಣುವ ಹಸಿರಿನ ಹಿಂದೆ ಆ ಸಾವುಗಳ ನೆನಪಿದೆ. ನದಿಯ ತುದಿಯಲ್ಲಿ ನೆರೆ ನೀರಿಗೆ ಜಾಗ ಕೊಡುವ ಹೊಸ ಮುಖವನ್ನು ಅಗೆದು 2024ರಲ್ಲಿ ಸರೋವರಕ್ಕೆ ಜೋಡಿಸಲಾಯಿತು. ಅದರ ದಡದ ಬೀಡಾಸಿಗೆ ಉದ್ಯಾನ 2025ರ ಜುಲೈಯಲ್ಲಿ ತೆರೆಯಿತು.

ಹೆಚ್ಚಾಗಿ ಬರುವ ನೀರಿಗೆ ದಾರಿ ಬಿಟ್ಟುಕೊಡುವುದನ್ನು ನಗರವೇ ಕಲಿತಿದೆ. ದೋಣಿ ನಡೆಸುವವರೂ ಅದನ್ನೇ ಮಾಡಬೇಕು. ನೀರು ಏರಿದ ದಿನ ದಡದಲ್ಲೇ ನಿಂತು ನೋಡಿ ಮನೆಗೆ ಮರಳುವುದು ಹೇಡಿತನವಲ್ಲ, ಮುಂದಿನ ವಾರ ಇಳಿದ ನೀರಿನಲ್ಲಿ ನೆಮ್ಮದಿಯಾಗಿ ಹೋಗಬಹುದು. ಅಲ್ಲಿರುವ ಮಕ್ಕಳ ಜೊತೆ ಫೋನಿನಲ್ಲಿ ಮಾತನಾಡುವಾಗ ತಂದೆತಾಯಂದಿರು ಈ ಮಾತನ್ನು ಒಮ್ಮೆ ತಿಳಿಸಲಿ. ಯುವಜನರ ಪ್ರವಾಸ ಏರ್ಪಡಿಸುವವರೂ ದೋಣಿ ಗೊತ್ತುಮಾಡುವ ಮೊದಲು ಆ ದಿನದ ನೀರಿನ ಮಟ್ಟ ಕೇಳಿ ತಿಳಿದುಕೊಳ್ಳಲಿ.