ರಕ್ತದಲ್ಲಿ ಉಳಿದ ಕಾವಲು

ಹನೂರನ್ನು ದಾಟಿ ಅಜ್ಜೀಪುರದ ಕಡೆಗೆ ಹೊರಟವರಿಗೆ ಹೊಲಗಳ ಆಚೆ ಬೆಟ್ಟಗಳು ಕಾಣುವುವು. ಈ ಸೀಮೆಯ ಬೆಟ್ಟಗಳಲ್ಲಿಯೂ ಯಳಂದೂರಿನ ಮೇಲಣ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಸೋಲಿಗರು ಪೋಡುಗಳನ್ನು ಕಟ್ಟಿಕೊಂಡು ಬಹುಕಾಲದಿಂದ ಬಾಳಿದ್ದಾರೆ. ರೋಗಾಣುವು ದೇಹಕ್ಕೆ ಏನು ಮಾಡುವುದೆಂದರೆ ನಾವೆಲ್ಲರೂ ಜ್ವರವನ್ನು ನೆನೆಯುವೆವು. ಜ್ವರ ಬಿಟ್ಟು ತಲೆಮಾರುಗಳು ಕಳೆದರೂ ಅದರ ಗುರುತು ರಕ್ತದಲ್ಲಿ ಉಳಿಯಬಲ್ಲುದೆಂಬುದನ್ನು ಈ ಬೆಟ್ಟದ ಜನರಲ್ಲಿ ಕಾಣಬಹುದು.

ಆ ರೋಗಾಣು ಮಲೇರಿಯಾದ್ದು. 1897ರಲ್ಲಿ ರೊನಾಲ್ಡ್ ರಾಸನು ಅದನ್ನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಕಂಡನು; ಅದಕ್ಕೆ ಕೆಲವು ತಿಂಗಳ ಹಿಂದೆ ನೀಲಗಿರಿಯ ಸೀಗೂರು ಘಟ್ಟದಲ್ಲಿ ಅದನ್ನು ಹುಡುಕಹೋಗಿ ತಾನೇ ಚಳಿಜ್ವರಕ್ಕೆ ತುತ್ತಾಗಿದ್ದನು. ಅನಾಫಿಲಿಸ್ ಜಾತಿಯ ಹೆಣ್ಣುಸೊಳ್ಳೆ ಕಚ್ಚಿದಾಗ ರೋಗಾಣುಗಳು ರಕ್ತಕ್ಕಿಳಿದು ನೆಟ್ಟಗೆ ಯಕೃತ್ತನ್ನು ಸೇರುತ್ತವೆ. ಅಲ್ಲಿ ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ, ಸದ್ದಿಲ್ಲದೆ ಒಂದೊಂದು ಸಾವಿರಾರಾಗುತ್ತವೆ. ಮನೆಯವರಿಗೆ ಆಗ ಯಾವ ಸುಳಿವೂ ಸಿಕ್ಕದು. ಅನಂತರ ಹೊರಬಿದ್ದು ಕೆಂಪು ರಕ್ತಕಣಗಳನ್ನು ಹೊಕ್ಕು, ಅವುಗಳ ಹಿಮೋಗ್ಲೋಬಿನನ್ನು ತಿಂದು ಬೆಳೆದು, ಕಣವನ್ನು ಒಡೆದುಕೊಂಡು ಬರುತ್ತವೆ. ಲಕ್ಷಾಂತರ ಕಣಗಳು ಒಟ್ಟಿಗೆ ಒಡೆಯುವ ಗಳಿಗೆಯೇ ಕಂಬಳಿ ಹೊದಿಸಿದರೂ ನಿಲ್ಲದ ಆ ನಡುಕ. ಒಂದು ದಿನ ಬಿಟ್ಟು ಒಂದು ದಿನ ಜ್ವರ ಮರಳುವುದಕ್ಕೂ, ರೋಗಿ ಬಿಳಿಚಿಕೊಳ್ಳುವುದಕ್ಕೂ ಇದೇ ಕಾರಣ. ಫಾಲ್ಸಿಪಾರಮ್ ಎಂಬ ಬಗೆಯಲ್ಲಿ ರೋಗ ಹಿಡಿದ ಕಣಗಳು ಮಿದುಳಿನ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ದಾರಿ ಕಟ್ಟುವುದೂ ಉಂಟು. ಎಳೆಯ ಮಕ್ಕಳು ಹೆಚ್ಚಾಗಿ ಸಾಯುವುದು ಇದರಿಂದಲೇ.

ಇಂಥ ಕಡೆ ಉಳಿದವರು ಯಾರು? 1952ರಲ್ಲಿ ನೀಲಗಿರಿಯ ಗಿರಿಜನರಲ್ಲಿ, ಒಮ್ಮೊಮ್ಮೆ ಕುಡುಗೋಲಿನಂತೆ ಬಾಗುವ ರಕ್ತಕಣಗಳನ್ನು ಲೇಮನ್ ಮತ್ತು ಕಟ್‌ಬುಷ್ ಎಂಬವರು ಕಂಡರು. ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದವರನ್ನು ಕಠಿಣ ಮಲೇರಿಯಾ ಅಷ್ಟಾಗಿ ಬಾಧಿಸದೆಂದು 1954ರಲ್ಲಿ ಆಲಿಸನ್ ಎಂಬಾತನು ಆಫ್ರಿಕದಲ್ಲಿ ತೋರಿಸಿಕೊಟ್ಟನು. ರೋಗಾಣುವೇ ಈ ಗುಣವನ್ನು ಹುಟ್ಟಿಸಿತೆಂದಲ್ಲ. ತಾನಾಗಿ ಹುಟ್ಟಿದ ಗುಣವುಳ್ಳ ಕೂಸುಗಳು ಬದುಕಿ ಉಳಿದುವು; ಇಲ್ಲದ ಕೂಸುಗಳನ್ನು ಜ್ವರ ಹೆಚ್ಚಾಗಿ ಒಯ್ದಿತು.

ಆದರೆ ಕಾವಲಿಗೂ ಕೂಲಿ ತೆರಬೇಕಾಯಿತು. ಗಂಡಹೆಂಡಿರಿಬ್ಬರಲ್ಲಿಯೂ ಈ ಗುಣವಿದ್ದರೆ, ಪ್ರತಿಯೊಂದು ಬಸಿರಿನಲ್ಲಿಯೂ ಕೂಸಿಗೆ ಅದು ಎರಡು ಕಡೆಯಿಂದಲೂ ಬರುವ ಸಂಭವ ನಾಲ್ಕರಲ್ಲಿ ಒಂದು. ಅಂಥ ಮಗುವಿನ ಕಣಗಳು ಬಾಗಿ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಎಲುಬುಗಳಲ್ಲಿ ಹೇಳತೀರದ ನೋವು, ರಕ್ತಹೀನತೆ, ಗುಲ್ಮದ ಬಲ ಕುಂದಿ ಬೇರೆ ರೋಗಾಣುಗಳಿಗೆ ಸುಲಭವಾದ ದೇಹ. ಸೋಲಿಗರ ಕೆಲವು ಮನೆಗಳಲ್ಲಿ ಈ ಬೇನೆಯುಂಟು. 1981ರಲ್ಲಿ ಡಾಕ್ಟರ್ ಎಚ್. ಸುದರ್ಶನರು ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದವರು ಇದರ ಶುಶ್ರೂಷೆಯನ್ನು ಕೈಗೊಂಡರು. 2023ರಲ್ಲಿ ಭಾರತ ಸರ್ಕಾರವೂ ಇದಕ್ಕಾಗಿ ದೇಶವ್ಯಾಪಿಯಾದ ಪರೀಕ್ಷೆಯನ್ನು ಆರಂಭಿಸಿತು.

ಬೆರಳ ತುದಿಯ ಒಂದು ತೊಟ್ಟು ರಕ್ತದಿಂದ ಈ ಗುಣ ಇದೆಯೋ ಇಲ್ಲವೋ ಎಂದು ಪರೀಕ್ಷಿಸಬಹುದು. ಒಂದು ಕಡೆಯಿಂದ ಮಾತ್ರ ಪಡೆದವರು ಸಾಮಾನ್ಯವಾಗಿ ಆರೋಗ್ಯವಂತರೇ; ಅವರನ್ನು ರೋಗಿಗಳೆಂದು ಕರೆಯುವುದು ತಪ್ಪೆಂದು ನಮ್ಮ ಅಭಿಪ್ರಾಯ. ಇಬ್ಬರೂ ಇದನ್ನು ಹೊತ್ತವರೆಂಬುದು ಮದುವೆಯ ಮಾತುಕತೆಗೆ ಮೊದಲೇ ತಿಳಿದರೆ, ಮುಂದೇನು ಮಾಡಬೇಕೆಂಬುದನ್ನು ಅವರೇ ವೈದ್ಯರೊಡನೆ ಕುಳಿತು ಯೋಚಿಸಬಹುದು.