ಹಳೆಯ ಯಂತ್ರಗಳೂ ವರ್ಷಾವಧಿಯ ರಹದಾರಿಯೂ

ಹಣ ಕೊಟ್ಟು ಕೊಂಡ ವಸ್ತುವು ಕೊಂಡವನದು ಎಂಬುದು ಲೋಕರೂಢಿ. ನೇಗಿಲನ್ನು ಕೊಂಡ ರೈತನು ಅದನ್ನು ಹೊಲಕ್ಕೆ ಒಯ್ಯುವುದಕ್ಕೆ ಮುಂಚೆ ಪ್ರತಿ ವರ್ಷವೂ ಬಡಗಿಯ ಅಪ್ಪಣೆಯನ್ನು ಬೇಡುವುದಿಲ್ಲ. ನಮ್ಮ ಮುದ್ರಣಾಲಯದ ಮೂಲೆಯಲ್ಲಿ ಕಾಲಿನಿಂದ ತುಳಿದು ನಡೆಸುವ ಹಳೆಯ ಅಚ್ಚಿನ ಯಂತ್ರವೊಂದಿದೆ. ಅದನ್ನು ಮಾಡಿದ ಕಾರ್ಖಾನೆಯು ಈಗ ಉಂಟೋ ಇಲ್ಲವೋ ಎಂದು ವಿಚಾರಿಸುವ ಪ್ರಸಂಗವೇ ನಮಗೆ ಬಂದಿಲ್ಲ. ಆದರೆ ಕಂಪ್ಯೂಟರಿನ ವಿಷಯದಲ್ಲಿ ಈ ರೂಢಿಯು ತಲೆಕೆಳಗಾಗಿದೆ. ಯಂತ್ರವು ಕೊಂಡವನ ಸ್ವತ್ತು. ಅದನ್ನು ನಡೆಸುವ ಆಜ್ಞಾವಳಿಯಾದರೋ, ಅಂದರೆ ಆಪರೇಟಿಂಗ್ ಸಿಸ್ಟಂ ಎಂಬುದು, ಬರೆದವರ ಸ್ವತ್ತಾಗಿಯೇ ಉಳಿಯುತ್ತದೆ. ಉಪಯೋಗಿಸುವವನಿಗೆ ದೊರೆಯುವುದು ಬರಿಯ ರಹದಾರಿ. ಆ ರಹದಾರಿಗೆ ಅವಧಿಯಿದ್ದು, ಅದನ್ನು ನವೀಕರಿಸುವವರೇ ಇಲ್ಲವಾದರೆ ಏನಾಗಬೇಕು? ಅಮೆರಿಕ, ಯೂರೋಪು ಖಂಡಗಳಲ್ಲಿ ಹಳೆಯ ಕಂಪ್ಯೂಟರುಗಳನ್ನು ಸಾಕಿಕೊಂಡು ಬಂದಿರುವ ಹವ್ಯಾಸಿಗಳ ಮುಂದೆ ಈ ಪ್ರಶ್ನೆಯು ಕೆಲವು ವರ್ಷಗಳಿಂದ ನಿಂತಿದೆ. ಅದಕ್ಕೂ ನಮ್ಮ ಬೆಂಗಳೂರಿಗೂ ಒಂದು ಸಂಬಂಧವುಂಟಾದ್ದರಿಂದ, ಸಂಗತಿಯನ್ನು ವಾಚಕ ಮಹಾಶಯರ ಮುಂದಿಡುವುದು ಯುಕ್ತವೆಂದು ತೋರಿತು.

ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಮೇನಾರ್ಡ್ ಎಂಬ ಊರಿನಲ್ಲಿ, ಹಳೆಯದೊಂದು ಉಣ್ಣೆಯ ಗಿರಣಿಯ ಕಟ್ಟಡದಲ್ಲಿ, 1957ರಲ್ಲಿ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿಯು ಹುಟ್ಟಿತು. ಕೆನ್ ಓಲ್ಸನ್, ಹಾರ್ಲನ್ ಆಂಡರ್ಸನ್ ಎಂಬಿಬ್ಬರು ಅದರ ಸ್ಥಾಪಕರು. ಈ ಕಂಪನಿಯು 1977ರ ಅಕ್ಟೋಬರಿನಲ್ಲಿ ವ್ಯಾಕ್ಸ್ ಎಂಬ ಯಂತ್ರವನ್ನು ಪ್ರಕಟಿಸಿ, ಅದಕ್ಕಾಗಿ ವಿ.ಎಂ.ಎಸ್. ಎಂಬ ಆಜ್ಞಾವಳಿಯನ್ನು ರಚಿಸಿತು. ಅದರ ರಚನೆಯಲ್ಲಿ ಮುಂದಾಳಾಗಿದ್ದ ಡೇವ್ ಕಟ್ಲರ್ ಎಂಬಾತನೇ ಮುಂದೆ ಮೈಕ್ರೋಸಾಫ್ಟ್ ಕಂಪನಿಯನ್ನು ಸೇರಿ ವಿಂಡೋಸ್ ಎನ್.ಟಿ.ಯನ್ನು ಕಟ್ಟಿದವನು, ಇಂದು ನಮ್ಮ ಕಚೇರಿಗಳ ಮೇಜುಗಳ ಮೇಲಿರುವ ಕಂಪ್ಯೂಟರುಗಳಲ್ಲಿ ಬಹುಪಾಲು ಈ ವಂಶಕ್ಕೆ ಸೇರಿದವೇ. ವಿಶ್ವವಿದ್ಯಾನಿಲಯ, ಆಸ್ಪತ್ರೆ, ಬ್ಯಾಂಕು, ಕಾರ್ಖಾನೆಗಳಲ್ಲೆಲ್ಲಾ ವ್ಯಾಕ್ಸ್ ಹರಡಿತು. ನಮ್ಮ ರೈಲ್ವೆಯವರು 1980ರ ದಶಕದಲ್ಲಿ ದೆಹಲಿಯಲ್ಲಿ ಟಿಕೆಟ್ಟು ಕಾದಿರಿಸುವುದನ್ನು ಕಂಪ್ಯೂಟರಿಗೆ ವಹಿಸಿದಾಗ ಆರಿಸಿಕೊಂಡದ್ದೂ ಇದನ್ನೇ. ಆ ಕಾಲದ ಸೋವಿಯತ್ ರಷ್ಯದವರು ಇದನ್ನು ನಕಲುಮಾಡುತ್ತಿದ್ದರೆಂಬುದು ಕಂಪನಿಯವರಿಗೂ ಗೊತ್ತಿತ್ತು. ವ್ಯಾಕ್ಸಿನ ಒಂದು ಚಿಪ್ಪಿನ ಮೇಲೆ, ಸೂಕ್ಷ್ಮದರ್ಶಕವಿಟ್ಟು ನೋಡುವವರಿಗೆ ಮಾತ್ರ ಕಾಣುವಂತೆ, ಕದಿಯುವುದಾದರೆ ಉತ್ತಮವಾದುದನ್ನೇ ಕದಿಯಿರಿ ಎಂಬ ಅರ್ಥದ ಪರಿಹಾಸ್ಯವನ್ನು ರಷ್ಯನ್ ಲಿಪಿಯಲ್ಲಿ ಕೆತ್ತಿಟ್ಟಿದ್ದರು. ಕಳ್ಳನಿಗೆ ಇಷ್ಟು ಮರ್ಯಾದೆ ಮಾಡಿದ ಯಂತ್ರಕ್ಕೆ, ಅಪ್ಪಣೆ ಕೇಳಿಕೊಂಡು ಬರುವವನೊಡನೆ ಇಂದು ಆಡಲು ಮಾತಿಲ್ಲ.

ರಹದಾರಿಯ ಬಗೆಯನ್ನು ತುಸು ವಿವರಿಸಬೇಕು. ಅದು ಒಂದು ಕಾಗದ. ಅದರಲ್ಲಿ ಕೊಟ್ಟವರ ಹೆಸರು, ಅಧಿಕಾರ ಸಂಖ್ಯೆ, ವಸ್ತುವಿನ ಹೆಸರು, ಅವಧಿ ಮುಗಿಯುವ ತಾರೀಖು, ಕೊನೆಗೊಂದು ತಾಳೆಸಂಖ್ಯೆ ಇರುತ್ತವೆ. ಇವೆಲ್ಲವನ್ನೂ ಅಕ್ಷರವೂ ತಪ್ಪದಂತೆ ಯಂತ್ರಕ್ಕೆ ಊಡಿಸಬೇಕು. ಒಂದು ಅಂಕಿ ವ್ಯತ್ಯಾಸವಾದರೂ ತಾಳೆ ಬೀಳದೆ ಯಂತ್ರವು ತಿರಸ್ಕರಿಸುತ್ತದೆ. ಖಜಾನೆಯ ಗುಮಾಸ್ತರಿಗೆ ಈ ಕ್ರಮವು ಅಪರಿಚಿತವೆನಿಸಲಾರದು. ಅವಧಿಯು ತೀರಿದ ದಿನ ಯಂತ್ರವೇನೂ ನಿಂತುಹೋಗುವುದಿಲ್ಲ. ಆದರೆ ಅದರ ಮುಖ್ಯಪೀಠದಲ್ಲಿ ಕುಳಿತ ಒಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಒಳಕ್ಕೆ ಬಿಡುವುದಿಲ್ಲ. ನೂರು ಜನರು ಏಕಕಾಲದಲ್ಲಿ ಕೆಲಸಮಾಡಲೆಂದು ಕಟ್ಟಿದ ಛತ್ರದ ಬಾಗಿಲನ್ನು ಹಾಕಿ, ಕಾವಲುಗಾರನೊಬ್ಬನನ್ನೇ ಒಳಗೆ ಕೂರಿಸಿದಂತೆ.

ಈ ಯಂತ್ರಗಳನ್ನು ಸಾಕುವ ಹವ್ಯಾಸಿಗಳು ಎಂಥವರು? ಅವರಲ್ಲಿ ಹಲವರು ಯೌವನದಲ್ಲಿ ಇವುಗಳ ಮೇಲೆಯೇ ದುಡಿದು ಈಗ ವಿಶ್ರಾಂತರಾದವರು; ಕೆಲವರು ಯಂತ್ರಕ್ಕಿಂತ ತಡವಾಗಿ ಹುಟ್ಟಿದ ತರುಣರು. ಕಚೇರಿಗಳು ಹೊರಗೆಸೆದ ಪೆಟ್ಟಿಗೆಗಳನ್ನು ಹೊತ್ತು ತಂದು ಮನೆಯ ನೆಲಮಾಳಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಇವರ ಕಷ್ಟವು ಸಾಮಾನ್ಯವಾದುದಲ್ಲ. ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗದಲ್ಲಿನ ಕೆಪಾಸಿಟರುಗಳು ಕಾಲಕ್ರಮದಲ್ಲಿ ಸೋರಿ, ಆ ದ್ರವವು ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಯಂತ್ರದೊಳಗಿನ ಗಡಿಯಾರಕ್ಕೆ ಆಧಾರವಾದ ಬ್ಯಾಟರಿಯನ್ನು ಚಿಪ್ಪಿನೊಳಗೇ ಅರಗಿಟ್ಟು ಮುಚ್ಚಿರುವುದರಿಂದ, ಅದು ಸತ್ತಾಗ ಮೇಲಿನ ಹೊದಿಕೆಯನ್ನು ಉಜ್ಜಿ ತೆಗೆದು, ಒಳಗಿನ ಕೂದಲೆಳೆಯಂಥ ತಂತಿಗೆ ಹೊಸ ಬ್ಯಾಟರಿಯನ್ನು ಬೆಸೆಯಬೇಕು. ಆರ್.ಡಿ. 53 ಎಂಬ ಹೆಸರಿನ ಡಿಸ್ಕೊಂದರಲ್ಲಿ, ಓದುವ ಕೈಯನ್ನು ತಡೆಹಿಡಿಯಲು ಇಟ್ಟ ರಬ್ಬರಿನ ತುಣುಕು ವರ್ಷಗಳುರುಳಿದಂತೆ ಕರಗಿ ಹಲಸಿನ ಅಂಟಿನಂತಾಗಿ, ಕೈಯು ಅಲ್ಲೇ ಕಚ್ಚಿಕೊಳ್ಳುತ್ತದೆ. ಅದನ್ನು ಬಿಚ್ಚಿ, ಒರಸಿ, ಧೂಳು ಹೋಗದಂತೆ ಮತ್ತೆ ಮುಚ್ಚಿ, ಒಳಗಿರುವುದನ್ನು ಬೇರೆ ಕಡೆಗೆ ನಕಲುಮಾಡಿಕೊಳ್ಳುವಷ್ಟು ಹೊತ್ತು ನಡೆದರೆ ಅದೇ ಭಾಗ್ಯವೆಂದು ತಿಳಿಯುತ್ತಾರೆ. ಯಂತ್ರವೇ ಸಿಕ್ಕದವರಿಗಾಗಿ, ಆ ಕಂಪನಿಯಲ್ಲಿಯೇ ಉನ್ನತ ಪದವಿಯಲ್ಲಿದ್ದ ಬಾಬ್ ಸುಪ್ನಿಕ್ ಎಂಬ ಮಹನೀಯರು ಸಿಮ್‌ಎಚ್ ಎಂಬ ಸಾಧನವನ್ನು ರಚಿಸಿ ಉಚಿತವಾಗಿ ಹಂಚಿದ್ದಾರೆ. ಅದರಿಂದ ಇಂದಿನ ಸಣ್ಣ ಕಂಪ್ಯೂಟರೊಂದು ತನ್ನನ್ನು ತಾನೇ ವ್ಯಾಕ್ಸ್ ಎಂದು ಭಾವಿಸಿಕೊಂಡು ಹಳೆಯ ಆಜ್ಞೆಗಳನ್ನು ಚಾಚೂ ತಪ್ಪದೆ ನಡೆಸುತ್ತದೆ. ಹೀಗೆ ಕಬ್ಬಿಣದ ತೊಡಕನ್ನು ಇವರು ಬಹುಮಟ್ಟಿಗೆ ಗೆದ್ದಿದ್ದಾರೆ. ಗೆಲ್ಲಲಾರದೆ ಹೋದದ್ದು ಕಾಗದದ ತೊಡಕನ್ನು.

1997ರಲ್ಲಿ ಮೂಲ ಕಂಪನಿಯವರೇ ಉದಾರ ಮನಸ್ಸಿನಿಂದ, ವ್ಯಾಪಾರದ ಉದ್ದೇಶವಿಲ್ಲದ ಹವ್ಯಾಸಿಗಳಿಗೆ ಉಚಿತವಾಗಿ ರಹದಾರಿ ಕೊಡುವ ಏರ್ಪಾಡನ್ನು ಮಾಡಿದರು. ಅವಧಿ ಒಂದು ವರ್ಷ. ತೀರಿದೊಡನೆ ಮತ್ತೆ ಅರ್ಜಿ. ಮರುವರ್ಷವೇ, 1998ರಲ್ಲಿ, ಕಂಪನಿಯು ಕಾಂಪ್ಯಾಕ್ ಎಂಬವರ ಪಾಲಾಯಿತು. 2002ರಲ್ಲಿ ಕಾಂಪ್ಯಾಕ್ ಹ್ಯೂಲೆಟ್ ಪ್ಯಾಕರ್ಡಿನ ಪಾಲಾಯಿತು. 2015ರಲ್ಲಿ ಅದೂ ಎರಡಾಗಿ ಒಡೆದು, ಈ ಸ್ವತ್ತು ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಎಂಬ ಭಾಗಕ್ಕೆ ಬಂತು. ಧಣಿಗಳು ಬದಲಾದರೂ ಧರ್ಮವು ಮಾತ್ರ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಡೆದುಬಂತೆಂಬುದನ್ನು ಒಪ್ಪಬೇಕು. 2020ರ ಮಾರ್ಚಿಯಲ್ಲಿ ಅದನ್ನು ನಿಲ್ಲಿಸುವುದಾಗಿ ಪ್ರಕಟವಾಯಿತು. 2021ರ ಕೊನೆಗೆ ಕಡೆಯ ರಹದಾರಿಗಳೂ ತೀರಿದವು.

ಈ ಮಧ್ಯೆ, 2014ರಲ್ಲಿ, ವಿ.ಎಂ.ಎಸ್. ಸಾಫ್ಟ್‌ವೇರ್ ಎಂಬ ಹೊಸ ಕಂಪನಿಯೊಂದು ಮುಂದಿನ ಆವೃತ್ತಿಗಳನ್ನು ರಚಿಸುವ ಹಕ್ಕನ್ನು ಪಡೆದಿತ್ತು. ಅವರು 2020ರಲ್ಲಿ ತಮ್ಮದೇ ಉಚಿತ ರಹದಾರಿಯನ್ನು ಆರಂಭಿಸಿದರು. ಆದರೆ ಅವರ ಹಕ್ಕು ವ್ಯಾಕ್ಸಿನ ತರುವಾಯದ ಯಂತ್ರಗಳಿಗೆ ಮಾತ್ರ; ವ್ಯಾಕ್ಸಿನ ಆವೃತ್ತಿಗಳ ಒಡೆತನವು ಹಳೆಯ ಧಣಿಗಳಲ್ಲಿಯೇ ಉಳಿಯಿತು. 2024ರ ಮಾರ್ಚಿಯಲ್ಲಿ ಇವರೂ ಕೈಯನ್ನು ಬಿಗಿಹಿಡಿದರು. ಆಲ್ಫಾ, ಇಂಟೆಗ್ರಿಟಿ ಎಂಬ ಯಂತ್ರಗಳಿಗೆ ಹೊಸ ಉಚಿತ ರಹದಾರಿ ಇಲ್ಲವೆಂದರು. ಇಂದಿನ ಸಾಧಾರಣ ಕಂಪ್ಯೂಟರಿನೊಳಗೆ ನಡೆಸಬಹುದಾದ, ಮೊದಲೇ ಸಿದ್ಧಪಡಿಸಿದ, ವರ್ಷಾವಧಿಯ ಪ್ರತಿಯೊಂದನ್ನು ಕೊಡುತ್ತೇವೆಂದರು. ಇವರ ಮೇಲೆ ನಮಗೆ ಹೆಚ್ಚಿನ ದೂರಿಲ್ಲ. ಸಣ್ಣ ಕಂಪನಿ, ಇದನ್ನು ಮಾರಿಯೇ ಹೊಟ್ಟೆ ಹೊರೆಯಬೇಕು, ಉಚಿತವಾಗಿ ಕೊಟ್ಟಷ್ಟೂ ಉತ್ತರ ಬರೆಯುವ ಕೆಲಸ ಹೆಚ್ಚುತ್ತದೆ. ವ್ಯಾಕ್ಸಿನ ಹಕ್ಕುದಾರರಿಗೆ ಈ ಸಮಾಧಾನವು ಸಲ್ಲುವುದೇ? ವ್ಯಾಕ್ಸ್ ಯಂತ್ರದ ತಯಾರಿಕೆಯು 2000ದಲ್ಲಿಯೇ ಮುಗಿಯಿತು. ಅದಕ್ಕಾಗಿ ಹೊರಟ ಕೊನೆಯ ಆವೃತ್ತಿ, 7.3, 2001ರದು. ಹವ್ಯಾಸಿಗಳನ್ನು ಹೊರಗಿಟ್ಟುದರಿಂದ ಅವರ ತಿಜೋರಿಗೆ ಬೀಳುವ ಆದಾಯವನ್ನು ನಾವು ಊಹಿಸಲಾರೆವು.

ಇಂಥ ಸಂದರ್ಭದಲ್ಲಿ ಇತರರು ನಡೆದುಕೊಂಡ ಬಗೆ ಕಣ್ಣೆದುರಿಗಿದೆ. ಯುನಿಕ್ಸ್ ಎಂಬ ಪ್ರಸಿದ್ಧ ಆಜ್ಞಾವಳಿಯ ಪ್ರಾಚೀನ ಆವೃತ್ತಿಗಳನ್ನು ಕ್ಯಾಲ್ಡೆರಾ ಕಂಪನಿಯವರು 2002ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಮಲ್ಟಿಕ್ಸ್ ಎಂಬುದನ್ನು 2007ರಲ್ಲಿ ಫ್ರಾನ್ಸಿನ ಬುಲ್ ಕಂಪನಿಯವರು ಬಿಟ್ಟುಕೊಟ್ಟರು. ಕಾಸಿಗೆ ಕಾಸು ಎಣಿಸುವುದರಲ್ಲಿ ಖ್ಯಾತರಾದ ಮೈಕ್ರೋಸಾಫ್ಟಿನವರೂ ತಮ್ಮ ಹಳೆಯ ಡಾಸಿನ ಮೂಲಲಿಪಿಯನ್ನು 2018ರಲ್ಲಿ ಯಾರು ಬೇಕಾದರೂ ಬಳಸಬಹುದಾದ ಷರತ್ತಿನ ಮೇಲೆ ಪ್ರಕಟಿಸಿದರು. ಇವರಲ್ಲಿ ಯಾರೂ ಇದರಿಂದ ದಿವಾಳಿಯಾದರೆಂದು ಕೇಳಿಬಂದಿಲ್ಲ. ವ್ಯಾಕ್ಸಿನ ಹವ್ಯಾಸಿಗಳು ಬೇಡುವುದು ಇಷ್ಟೂ ಅಲ್ಲ. ಮೂಲಲಿಪಿ ಬೇಡ, ನೆರವು ಬೇಡ, ಪತ್ರಕ್ಕೆ ಉತ್ತರವೂ ಬೇಡ. ತೀರುವ ತಾರೀಖಿಲ್ಲದ ರಹದಾರಿಯೊಂದನ್ನು ಒಮ್ಮೆ ಪ್ರಕಟಿಸಿದರೆ ಸಾಕು.

ಇಲ್ಲೊಂದು ಸ್ವಾರಸ್ಯವುಂಟು. ಯಂತ್ರದ ಗಡಿಯಾರವನ್ನು ಹಿಂದಿನ ವರ್ಷಕ್ಕೆ ತಿರುಗಿಸಿಟ್ಟರೆ ತೀರಿದ ರಹದಾರಿಯೂ ಜೀವಂತವೆಂದು ಯಂತ್ರವು ನಂಬುತ್ತದೆ. ಈ ಉಪಾಯವು ಹವ್ಯಾಸಿಗಳಿಗೆ ತಿಳಿಯದ ಗುಟ್ಟೇನಲ್ಲ. ಹಾಗಿದ್ದೂ ವರ್ಷವರ್ಷವೂ ಸಾಲಿನಲ್ಲಿ ನಿಂತು ಅರ್ಜಿ ಹಾಕಿದವರನ್ನೇ ಈಗ ಬಾಗಿಲಿನಿಂದ ಹೊರಗಿಟ್ಟಂತಾಗಿದೆ. ಕಾಯಿದೆಯನ್ನು ಲೆಕ್ಕಿಸದವನಿಗೆ ಮೊದಲೂ ತೊಂದರೆಯಿರಲಿಲ್ಲ, ಈಗಲೂ ಇಲ್ಲ.

ಕಾಯಿದೆಯಿಂದ ಪರಿಹಾರವುಂಟೇ ಎಂದರೆ, ಅಮೆರಿಕದಲ್ಲಿ ಕಂಪನಿಗಳ ಕೃತಿಸ್ವಾಮ್ಯವು ಪ್ರಕಟಣೆಯಿಂದ 95 ವರ್ಷ. ಈ ಲೆಕ್ಕದಲ್ಲಿ 1978ರಲ್ಲಿ ಹೊರಟ ಮೊದಲ ವಿ.ಎಂ.ಎಸ್. 2073ರ ಕೊನೆಯವರೆಗೂ, 2001ರ ಆವೃತ್ತಿ 2096ರ ಕೊನೆಯವರೆಗೂ ಬಂಧನದಲ್ಲಿರತಕ್ಕದ್ದು. ಪುಸ್ತಕವಾದರೆ ಅಷ್ಟು ಕಾಲ ಕಪಾಟಿನಲ್ಲಿ ಕುಳಿತು ಕಾಯಬಲ್ಲದು. ಕಾಂತಪಟ್ಟಿಗಳೂ ಕೆಪಾಸಿಟರುಗಳೂ ಕಾಯಲಾರವು. ಅವುಗಳಿಗೆ ಮದ್ದು ಮಾಡಬಲ್ಲ ಮನುಷ್ಯರಂತೂ ಮೊದಲೇ ಕಾಯಲಾರರು. 2018ರಲ್ಲಿ ಅಮೆರಿಕದ ಸರ್ಕಾರವು ಗ್ರಂಥಾಲಯ, ವಸ್ತುಸಂಗ್ರಹಾಲಯಗಳಿಗೆ ಹಳೆಯ ಸಾಫ್ಟ್‌ವೇರಿನ ಬೀಗವನ್ನು ಮುರಿಯಲು ಕೆಲವು ಕಟ್ಟಳೆಗಳೊಡನೆ ವಿನಾಯಿತಿ ಕೊಟ್ಟಿತು. ಮನೆಯಲ್ಲಿ ಯಂತ್ರವಿಟ್ಟುಕೊಂಡ ಗೃಹಸ್ಥನಿಗೆ ಅದು ಅನ್ವಯಿಸದು. ಸಂಗ್ರಹಾಲಯಗಳನ್ನೇ ನಂಬೋಣವೆಂದರೆ, ಮೈಕ್ರೋಸಾಫ್ಟಿನ ಸಹಸ್ಥಾಪಕನಾದ ಪಾಲ್ ಆಲೆನ್ ಸಿಯಾಟಲ್ ನಗರದಲ್ಲಿ ತೆರೆದು, ಹಳೆಯ ಯಂತ್ರಗಳನ್ನು ಜನರ ಕೈಗೇ ಒಪ್ಪಿಸಿದ್ದ ಸಂಗ್ರಹಾಲಯವು 2020ರಲ್ಲಿ ಬಾಗಿಲು ಹಾಕಿತು. 2024ರಲ್ಲಿ ಅದರ ವಸ್ತುಗಳು ಹರಾಜಿಗೆ ಹೋದವು. ಕೋಟ್ಯಧೀಶನು ಕಟ್ಟಿದ್ದು ಆತನು ಕಾಲವಾದ ಆರೇ ವರ್ಷಗಳಲ್ಲಿ ಚದುರಿತು. ನೆಲಮಾಳಿಗೆಯ ಹವ್ಯಾಸಿಯ ಯಂತ್ರವು ಇನ್ನೂ ನಡೆಯುತ್ತಿದೆ.

ಇನ್ನು ಬೆಂಗಳೂರಿನ ಮಾತು. ಹ್ಯೂಲೆಟ್ ಪ್ಯಾಕರ್ಡಿನವರು 2009ರ ಸುಮಾರಿಗೆ ಈ ಆಜ್ಞಾವಳಿಯ ರಚನಾಕಾರ್ಯವನ್ನು ಅಮೆರಿಕದಿಂದ ಇಲ್ಲಿಗೆ ವರ್ಗಾಯಿಸಿದರು. ಮೇನಾರ್ಡಿನ ಉಣ್ಣೆಯ ಗಿರಣಿಯಲ್ಲಿ ಬೆಳೆದ ಕಂಪನಿಯ ಕೃತಿಯನ್ನು ತಿದ್ದಿ, ಬೆಳಸಿ, ದೋಷ ಕಳೆದು ಕೆಲವು ಕಾಲ ಕಾಪಾಡಿದವರಲ್ಲಿ ನಮ್ಮ ಊರಿನ ಎಂಜಿನಿಯರುಗಳೂ ಸೇರಿದ್ದಾರೆಂಬುದು ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರಲ್ಲಿ ಕೆಲವರು ಈ ಪತ್ರಿಕೆಯ ವಾಚಕರಾಗಿರಲೂಬಹುದು. ಯಾವ ಕಾಗದ ಯಾವ ಮೇಜಿನ ಮೇಲೆ ಹೋಗಬೇಕು, ಯಾರ ರುಜುವಿನಿಂದ ವ್ಯಾಕ್ಸಿನ ರಹದಾರಿಯ ತಾರೀಖನ್ನು ತೆಗೆದುಹಾಕಬಹುದು ಎಂಬುದನ್ನು ಹೊರಗಿನ ಹವ್ಯಾಸಿಗಿಂತ ಅವರು ಚೆನ್ನಾಗಿ ಬಲ್ಲರು. ಅವರು ತಮ್ಮ ಹಳೆಯ ಧಣಿಗಳಿಗೆ ಒಂದು ಬಿನ್ನವತ್ತಳೆಯನ್ನು ಬರೆಯುವುದಾದರೆ, ಅದನ್ನು ಇದೇ ಪುಟದಲ್ಲಿ ಪೂರ್ಣವಾಗಿ ಅಚ್ಚುಮಾಡಲು ನಾವು ಸಿದ್ಧರಿದ್ದೇವೆ.