ಅಧಾರಿ ಪಾರ್ಕ್‌ಗೆ ಹೋಗ್ತೀರಾ? ಚಿಲುಮೆಯ ಕತೆಯೂ ಗೊತ್ತಿರಲಿ

ಮನಾಮ: ಬಹರೈನ್‌ನಲ್ಲಿ ರಜೆ ದಿನ ಮಕ್ಕಳನ್ನು ಕರ್ಕೊಂಡು ಹೋಗಲು ಒಳ್ಳೆ ಜಾಗ ಅಧಾರಿ ಪಾರ್ಕ್. ಚಳಿಗಾಲದ ಸಂಜೆಯಾದರೆ ಇನ್ನೂ ಆರಾಮ. 1968ರಲ್ಲಿ ಶುರುವಾದ ಈ ಪಾರ್ಕಿಗೆ ಹೆಸರು ಬಂದದ್ದು ಅಲ್ಲಿನ ಸಿಹಿನೀರಿನ ಚಿಲುಮೆ ‘ಐನ್ ಅಧಾರಿ’ಯಿಂದ.

ಚಿಲುಮೆಯ ನೀರು ಕಾಲುವೆಯಲ್ಲಿ ಹರಿದು ದೂರದ ಖರ್ಜೂರದ ತೋಟಗಳಿಗೆ ಹೋಗುತ್ತಿತ್ತು, ಪಕ್ಕದ ಜಮೀನಿಗೆ ಸಿಗುತ್ತಿರಲಿಲ್ಲ. ಅದಕ್ಕೇ ಹೊರಗಿನವರಿಗೆ ಉಪಕಾರ ಮಾಡಿ ಮನೆಯವರನ್ನು ಮರೆಯುವವರನ್ನು ಇಲ್ಲಿಯವರು ಅಧಾರಿಗೆ ಹೋಲಿಸುತ್ತಾರೆ.

ಈಗ ಆ ಚಿಲುಮೆ ಬತ್ತಿದೆ. ಕೊಳದಲ್ಲಿ ಕಾಣೋದು ತಾನಾಗಿ ಉಕ್ಕಿದ ನೀರಲ್ಲ. ಹಿಂದೆ ಸೌದಿ ಕಡೆಯಿಂದ ಕಲ್ಲಿನ ಪದರದೊಳಗೆ ಹರಿದು ಬಂದ ನೀರು ಒತ್ತಡದಿಂದ ಇಲ್ಲಿ ಮೇಲೇಳುತ್ತಿತ್ತು. 1925ರ ನಂತರ ಕೊಳವೆಬಾವಿಗಳು ಹೆಚ್ಚಿದವು. ಎತ್ತಿದಷ್ಟು ನೀರು ಒಳಗೆ ಬರಲಿಲ್ಲ. ಒತ್ತಡ ಕುಸಿಯಿತು, ನೆಲದಡಿಗೆ ಉಪ್ಪುನೀರು ನುಗ್ಗಿತು.

ಊರಿನ ತೋಟಕ್ಕೆ ಇನ್ನೊಂದು ಬೋರ್‌ವೆಲ್ ಕೊರೆಸಲು ದುಡ್ಡು ಕಳಿಸುವವರು ಒಮ್ಮೆ ಈ ಕೊಳ ನೋಡಬೇಕು. ಹೊಸದು ಕೊರೆಸೋ ಮುಂಚೆ, ಇರುವ ಬಾವಿಯ ಸುತ್ತ ಮಳೆನೀರು ಇಂಗುವ ಹಾಗೆ ಗುಂಡಿ ತೆಗೆಸಿ. ಬರೀ ಎತ್ತುತ್ತಾ ಹೋದರೆ ಯಾವ ಊರಿನ ನೀರೂ ಉಳಿಯಲ್ಲ.